ಗುಳಿಗಿ ಆರಿಸುತ್ತಿದ್ದ ಕಾಕಾ

ನಮ್ಮ ವರ್ಕ್‌ಶಾಪಿನಲ್ಲಿ ಪೆಲೆಟ್ ಚೀಲಗಳನ್ನು ಒಟ್ಟುವ ಜಾಗದ ಮೇಲೆ ಶೇಠರು ಕಾಕಾರ ಫೋಟೊ ತೂಗುಹಾಕಿಸಿದ್ದಾರೆ. ಹಳೆಯ ಗಿರಾಕಿಗಳು ಬಂದರೆ ಮೊದಲು ಅದಕ್ಕೆ ಕೈ ಮುಗಿಯುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, "ನೀವೂ ಅವರ ಕೈಯಾಗ ಕಲ್ತವ್ರೇನ್ರಿ?" ಎಂದು ಕೇಳುತ್ತಾರೆ. ಅವರು ಬರುವುದಕ್ಕಿಂತ ಮೂರು ವರ್ಷ ಮೊದಲೇ ನಾನು ಇಲ್ಲಿದ್ದೆ. ಅದನ್ನು ಎಷ್ಟು ಜನಕ್ಕೆ ಹೇಳುತ್ತ ಕೂರಲಿ? "ಹೌದ್ರಿ" ಎಂದುಬಿಡುತ್ತೇನೆ, ಹೊಟ್ಟೆ ಉರಿಯುತ್ತದೆ. ಸತ್ತವರ ಮೇಲೆ ಎಂಥ ಹೊಟ್ಟೆಕಿಚ್ಚು ಎಂದು ನನ್ನ ಹೆಂಡತಿ ಬೈಯುತ್ತಾಳೆ. ಅವರು ಬದುಕಿದ್ದಾಗ ಹತ್ತಿಕೊಂಡದ್ದು ಇದು. ಅವರನ್ನು ಮಣ್ಣು ಮಾಡಿ ಬಂದ ಮಾತ್ರಕ್ಕೆ ಆರಿಹೋಗಲಿಲ್ಲ, ಏನು ಮಾಡಲಿ.

ಇಚಲಕರಂಜಿಯಿಂದ ಕೊರೋಚಿಗೆ ಹೋಗುವ ದಾರಿಯಲ್ಲಿ ನಮ್ಮ ವರ್ಕ್‌ಶಾಪ್ ಇದೆ. ಮೊದಲು ಸೈಜಿಂಗ್ ಕಾರ್ಖಾನೆಗಳ ಬಾಯ್ಲರ್ ರಿಪೇರಿ ಮಾಡಿಕೊಂಡಿದ್ದೆವು. ಆಮೇಲೆ ಶೇಠರು ಎಲ್ಲಿಯೋ ಪೆಲೆಟ್ ಗ್ರಿಲ್ ನೋಡಿ ಬಂದು, ಇಂಥದ್ದನ್ನು ನಾವೇ ಯಾಕೆ ಮಾಡಬಾರದು ಎಂದರು. ಮಾಡಿದೆವು. ಇದೊಂದು ಮುಚ್ಚಳವಿರುವ ಕಬ್ಬಿಣದ ಪೆಟ್ಟಿಗೆ. ಪಕ್ಕದ ಡಬ್ಬಿಗೆ ಪೆಲೆಟ್ ಸುರಿದರೆ ಒಳಗಿನ ಸ್ಕ್ರೂ ತಿರುಗುತ್ತ ಅದನ್ನು ಸ್ವಲ್ಪ ಸ್ವಲ್ಪವೇ ಬೆಂಕಿಗೆ ತಳ್ಳುತ್ತದೆ. ಮೇಲೆ ಕಂಬಿಗಳ ಜಾಳಿ ಇರುತ್ತದೆ. ಅದರ ಮೇಲಿಟ್ಟ ತೆನೆಯೋ ಪನೀರೋ ಮಟನ್ನೋ ಆ ಶಾಖದಲ್ಲಿ, ಆ ಹೊಗೆಯಲ್ಲಿ ಬೇಯುತ್ತದೆ. ಪೆಲೆಟ್ ಎಂದರೆ ಕಟ್ಟಿಗೆಯ ಪುಡಿಯನ್ನು ಒತ್ತಿ ಮಾಡಿದ, ಕಿರುಬೆರಳಿನಷ್ಟೂ ದಪ್ಪವಿಲ್ಲದ ತುಂಡು. ಬಾಯ್ಲರಿಗಾದರೆ ಅದರಲ್ಲಿ ಶೇಂಗಾದ ಸಿಪ್ಪೆ, ಹಳೆಯ ಪ್ಲೈವುಡ್ಡಿನ ಪುಡಿ, ಏನಿದ್ದರೂ ನಡೆಯುತ್ತದೆ. ತಿನ್ನುವ ಪದಾರ್ಥಕ್ಕೆ ನಡೆಯುವುದಿಲ್ಲ. ಹೊಗೆಯಲ್ಲಿ ಏನಿದೆಯೋ ಅದೇ ಬಾಯಿಗೆ ಬರುತ್ತದೆ. ಗ್ರಿಲ್ ಬೆಸೆಯುವುದು ನನ್ನ ಕೆಲಸ. ಆದರೆ ತಿಂದು ಕೈ ತೊಳೆದವರು ವೆಲ್ಡಿಂಗ್ ಹೊಗಳಿದ್ದನ್ನು ನಾನು ಇನ್ನೂ ಕೇಳಿಲ್ಲ. ಹೊಗಳಿಕೆಯೆಲ್ಲ ಪೆಲೆಟ್ ಆರಿಸಿದವನಿಗೆ.

ಆ ಕೆಲಸ ನನಗೇ ಬರುತ್ತದೆ ಎಂದುಕೊಂಡಿದ್ದೆ. ಐಟಿಐ ಓದಿದ್ದೇನೆ, ತೇವ ಅಳೆಯುವ ಮಷೀನು ತರಿಸಿ ಅದರ ಪುಸ್ತಕವನ್ನೂ ಓದಿದ್ದೆ. ಒಂದು ಬೆಳಿಗ್ಗೆ ಶೇಠರು ಅರವತ್ತರ ಹತ್ತಿರದ ಒಬ್ಬರನ್ನು ಕರೆದುಕೊಂಡು ಬಂದರು. ಬಿಳಿ ಟೋಪಿ, ಕೊರಳಲ್ಲಿ ಲಿಂಗದ ಕರಡಿಗೆ, ಕಾಲಲ್ಲಿ ಎಷ್ಟೋ ಸಲ ಹೊಲಿಸಿದ ಕೊಲ್ಹಾಪುರಿ ಚಪ್ಪಲಿ. ಗಡಹಿಂಗ್ಲಜದ ಒಂದು ವಖಾರಿಯಲ್ಲಿ, ಅಂದರೆ ಕಟ್ಟಿಗೆ ಅಡ್ಡೆಯಲ್ಲಿ, ಆಯುಷ್ಯ ಕಳೆದವರು. ಊರು ಕೊರೋಚಿ. ನಾನು ಮಷೀನು ಹಿಡಿದು ಮೂರು ಚೀಲದ ತೇವ ಅಳೆದು ಹೇಳುವಷ್ಟರಲ್ಲಿ ಅವರು ಒಂದು ಪೆಲೆಟ್ ತೆಗೆದು ಕಿವಿಯ ಹತ್ತಿರ ಹಿಡಿದು ಲಟಕ್ಕನೆ ಮುರಿದರು. ಮುರಿದ ತುದಿಯನ್ನು ಮೂಗಿಗೆ ಹಿಡಿದರು. ಇನ್ನೆರಡನ್ನು ನೀರಿನ ಲೋಟಕ್ಕೆ ಹಾಕಿ, ಅವು ಅರಳಿ ಪುಡಿಯಾಗುವವರೆಗೆ ನೋಡುತ್ತ ಕೂತರು.

"ಇದು ಗುಳಿಗಿ ಇದ್ದಂಗ ನೋಡ್ರಿ ಶೇಠ," ಎಂದರು. "ನುಂಗೂದು ಗ್ರಿಲ್, ಹೊಟ್ಟಿ ಕೆಡೂದು ನಮ್ಮದು. ನಡಬರಕಿನ ಚೀಲ ಬ್ಯಾಡ, ಅದರಾಗ ಬೇವು ಕಲಸ್ಯಾರ."

ಶೇಠರು ನಡುವಿನ ಚೀಲ ತಂದವನಿಗೆ ಫೋನ್ ಮಾಡಿದರು. ಬೇವು ಹೌದಂತೆ. ನನ್ನ ಮಷೀನು ತೇವ ಹೇಳುತ್ತಿತ್ತು, ಬೇವು ಹೇಳುತ್ತಿರಲಿಲ್ಲ. ಆವತ್ತಿನಿಂದ ಎಲ್ಲರ ಬಾಯಲ್ಲೂ ಪೆಲೆಟ್ ಹೋಗಿ ಗುಳಿಗಿ ಬಂತು. ನಾನೊಬ್ಬ ಹಟ ಹಿಡಿದು ಪೆಲೆಟ್ ಎಂದೇ ಹೇಳುತ್ತಿದ್ದೆ. ಗಿರಾಕಿಗಳು, "ಪೆಲೆಟ್ ಅಂದ್ರ ಗುಳಿಗೀನ ಹೌದಲ್ರಿ?" ಎಂದು ಕೇಳುತ್ತಿದ್ದರು.

ಕಾಕಾರ ಆಯ್ಕೆಗೆ ಅವರದೇ ಒಂದು ಲೆಕ್ಕವಿತ್ತು. ಯಾರು ತಿನ್ನುತ್ತಾರೆ, ಏನು ತಿನ್ನುತ್ತಾರೆ ಎಂದು ಕೇಳದೆ ಚೀಲಕ್ಕೆ ಕೈ ಹಾಕುತ್ತಿರಲಿಲ್ಲ. ತೆನೆ, ಪನೀರ್, ಬದನೆಕಾಯಿಗೆ ಮಾವಿನದು. ಮಟನ್ನಿಗೆ ಜಾಲಿಯದು. ಮಳೆಗಾಲದಲ್ಲಿ ಚೀಲದ ತಳದ ಪುಡಿಯನ್ನು ಅಂಗೈಗೆ ಸುರಿದುಕೊಂಡು, ಅದು ಅಂಟಿದರೆ ಇಡೀ ಚೀಲ ವಾಪಸ್, ಯಾಕೆಂದರೆ ತೇವ ಹಿಡಿದ ಗುಳಿಗಿ ಉಬ್ಬಿ ಸ್ಕ್ರೂದಲ್ಲಿ ಸಿಕ್ಕಿಕೊಳ್ಳುತ್ತದೆ. ಇಷ್ಟೆಲ್ಲ ನನಗೂ ಗೊತ್ತಿತ್ತು. ನಾನು ಹೇಳಿದರೆ ಅದು ಮಾಹಿತಿ, ಅವರು ಹೇಳಿದರೆ ಅನುಭವ.

ಕೊಲ್ಹಾಪುರದ ಒಂದು ಹೊಟೇಲಿಗೆ ನಾವು ಗ್ರಿಲ್ ಕೊಟ್ಟೆವು. ಮಟನ್ನಿನ ಹೊಟೇಲು. ಕಾಕಾ ಹುಟ್ಟಿದಾಗಿನಿಂದ ತತ್ತಿಯನ್ನು ಕೂಡ ಮುಟ್ಟಿದವರಲ್ಲ. ಆದರೂ ಮಾಲೀಕರು ಅವರೇ ಬರಬೇಕೆಂದು ಪಟ್ಟು ಹಿಡಿದರು. ನಾನು ಬೆಸೆದ ಗ್ರಿಲ್ಲಿನ ಎದುರು ನಾನು ಸ್ಪ್ಯಾನರ್ ಹಿಡಿದು ನಿಂತಿದ್ದೆ. ಕಾಕಾ ಆಚೆ ಒಂದು ಕುರ್ಚಿಯ ಮೇಲೆ ಕೂತು ಗಾಳಿಯಲ್ಲಿ ಬರುವ ಹೊಗೆಯನ್ನಷ್ಟೇ ಮೂಸುತ್ತ, "ಇನ್ನೊಂದೀಟು ಜಾಲಿ ಕಡಿಮಿ ಮಾಡ್ರಿ, ಮಾವು ಕೂಡಸ್ರಿ" ಎಂದು ಹೇಳುತ್ತಿದ್ದರು. ತಿಂದ ಮೇಲೆ ಮಾಲೀಕರು ಬಂದು ಅವರ ಎರಡೂ ಕೈ ಹಿಡಿದುಕೊಂಡು, "ಕಾಕಾ, ತುಮಚ್ಯಾ ಹಾತಾಲಾ ಗುಣ ಆಹೇ" ಎಂದರು. ಕೈಗುಣ ಚೆನ್ನಾಗಿದೆ ಎಂದು. ಕಾಕಾ ಅಲ್ಲಿದ್ದವರನ್ನೆಲ್ಲ ಒಮ್ಮೆ ನೋಡಿ, "ನಾ ಬರೇ ಹೊಗಿ ಮೂಸ್ಯೇನ್ರಿ, ಗ್ರಿಲ್ ಇವಂದು" ಎಂದು ನನ್ನನ್ನು ತೋರಿಸಿದರು. ಮಾಲೀಕರು ನನ್ನ ಕಡೆ ನೋಡಿ ನಕ್ಕು, ಕೈಯನ್ನು ಮಾತ್ರ ಅವರದ್ದೇ ಹಿಡಿದುಕೊಂಡಿದ್ದರು. ಕಾಕಾ ಜಂಬದವರಾಗಿದ್ದರೆ ಅವರನ್ನು ಬೈದುಕೊಂಡು ಹಗುರಾಗುತ್ತಿದ್ದೆ. ಅದಕ್ಕೂ ಅವರು ಅವಕಾಶ ಕೊಡಲಿಲ್ಲ.

ಮನೆಯಲ್ಲಾದರೂ ನೆಮ್ಮದಿ ಇತ್ತೇ ಎಂದರೆ ಇಲ್ಲ. ಒಂದು ಭಾನುವಾರ ಮನೆಯಲ್ಲಿ ಹಳೆಯ ಗ್ರಿಲ್ ಹೊತ್ತಿಸಿ ಬದನೆಕಾಯಿ ಸುಟ್ಟು ಕೊಟ್ಟೆ. ಹೆಂಡತಿ ಚಟ್ನಿ ಮಾಡಿ ತಿಂದು, "ಛಲೋ ಆಗೇತಿ ಬಿಡ್ರಿ" ಎಂದಳು. ಮುಂದಿನ ಭಾನುವಾರ ಕಾಕಾ ಊಟಕ್ಕೆ ಬಂದರು. ಅದೇ ಗ್ರಿಲ್, ಅದೇ ಚೀಲ, ಅದೇ ಸಂತೆಯ ಬದನೆಕಾಯಿ. ಹೆಂಡತಿ ಎರಡು ರೊಟ್ಟಿ ಜಾಸ್ತಿ ತಿಂದಳು. "ಕೈಗುಣ ಅಂದ್ರ ಇದ ನೋಡ್ರಿ," ಎಂದಳು. ಚೀಲ ಅದೇ ಎಂದು ನಾನು ಹೇಳಿದೆ. "ಚೀಲ ಅದ ಇದ್ದೀತು, ಕೈ ಬ್ಯಾರೆ ಐತಲ್ರಿ," ಎಂದಳು. ನನಗೆ ಸಿಕ್ಕಿದ ಆ 'ಬಿಡ್ರಿ' ಈಗಲೂ ಕಿವಿಯಲ್ಲಿದೆ.

ಇನ್ನು ಉದಗಾಂವದ ಮಾತು. ಇದನ್ನು ಹೇಳದೆ ಕಾಕಾರ ಕಥೆ ಯಾರೂ ಮುಗಿಸುವುದಿಲ್ಲ, ಆದರೆ ಎಲ್ಲರೂ ನನ್ನ ಪಾಲನ್ನು ಬಿಟ್ಟು ಹೇಳುತ್ತಾರೆ.

ಉದಗಾಂವದ ಜೈನ ರೈತರೊಬ್ಬರು ತಮ್ಮ ತೋಟದ ಮನೆಗೆ ಗ್ರಿಲ್ ನೋಡಬೇಕೆಂದರು. ಅವರಿಗೆ ಹಿಡಿಸಿದರೆ ಬೀಗರು, ನೆಂಟರು ಅಂತ ಇನ್ನೂ ನಾಲ್ಕು ಮನೆಯವರು ಕೊಳ್ಳುವವರಿದ್ದರು. ಕಾಕಾ ಬೆಳಿಗ್ಗೆಯೇ ಹೋಗಿದ್ದರು. ಗ್ರಿಲ್ ಹೇರಿಕೊಂಡು ಟೆಂಪೊದಲ್ಲಿ ನಾನು ಹಿಂದಿನಿಂದ ಹೊರಡುವಾಗ ಅವರ ಫೋನ್ ಬಂತು. ಆಚೆ ಈಚೆ ಮಗ್ಗಗಳ ಸಪ್ಪಳ. "ತಮ್ಮಾ, ಜಾಲಿ ಬ್ಯಾಡ, ಮಾವಿಂದು ತಗೊಂಡ ಬಾ" ಎಂದರು. ನಮ್ಮ ವರ್ಕ್‌ಶಾಪಿನಲ್ಲಿ ಎಲ್ಲರೂ ಮುಳ್ಳಿನ ಆ ಮರಕ್ಕೆ ಮರಾಠಿಯಲ್ಲಿ ಬಾಭಳ ಎನ್ನುತ್ತಾರೆ. ಅದನ್ನು ಜಾಲಿ ಎನ್ನುವವರು ಕಾಕಾ ಒಬ್ಬರೇ. ಜಾಳಿ ಎಂದರೆ ನಮಗೆ ಗ್ರಿಲ್ಲಿನ ಮೇಲಿಡುವ ಕಂಬಿಗಳು. ನನ್ನ ಕಿವಿಗೆ ಬಿದ್ದದ್ದು "ಜಾಳಿ ಬ್ಯಾಡ." ತೋಟದವರು ತಮ್ಮದೇ ಜಾಳಿ ಮಾಡಿಸಿಟ್ಟಿದ್ದಾರೆ ಎಂದುಕೊಂಡು, ಗ್ರಿಲ್ಲಿನ ಮೇಲಿದ್ದ ಹೊಸ ಜಾಳಿಯನ್ನು ನಾನೇ ಎತ್ತಿ ಗೋಡೆಗೆ ಒರಗಿಸಿ, ಮಾವಿನ ಚೀಲ ಹಾಕಿಕೊಂಡು ಹೊರಟೆ.

ತೋಟ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಮುಚ್ಚಳ ತೆರೆದು ಕಾಕಾ ಕೇಳಿದರು:

"ಜಾಳಿ ಎಲ್ಲಿ ತಮ್ಮಾ?"

"ನೀವ ಬ್ಯಾಡ ಅಂದ್ರಲ್ರಿ."

ಜಾಲಿ ಜಾಳಿಯಾದದ್ದು ಅವರಿಗೆ ತಿಳಿಯಿತು, ನಕ್ಕರು. ನನಗೆ ನಗು ಬರಲಿಲ್ಲ. ಆ ಮನೆಯವರು ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವರು. ಇಚಲಕರಂಜಿಗೆ ಹೋಗಿ ಜಾಳಿ ತರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಮನೆಯ ಹೆಣ್ಣುಮಕ್ಕಳು ಆಗಲೇ ತೆನೆ, ಪನೀರ್, ಢಬ್ಬು ಮೆಣಸಿನಕಾಯಿಗೆಲ್ಲ ಮಸಾಲೆ ಸವರಿ ತಟ್ಟೆಗಳಲ್ಲಿ ಇಟ್ಟಿದ್ದರು. ಯಜಮಾನರು ಆಗಾಗ ಬಂದು ಆಕಾಶ ನೋಡಿ ಹೋಗುತ್ತಿದ್ದರು.

ಕಾಕಾ ಒಂದು ಕುಡುಗೋಲು ಕೇಳಿ ಇಸಿದುಕೊಂಡು ಕಬ್ಬಿನೊಳಗೆ ಹೋದರು. ಹತ್ತು ಹದಿನೈದು ಗಳ ಕಡಿದು ತಂದು, ರವದಿ, ಅಂದರೆ ಒಣಗರಿ, ಸುಲಿದು, ಪೆಟ್ಟಿಗೆಯ ಅಳತೆಗೆ ತುಂಡು ಮಾಡಿ, ಒಂದರ ಮಗ್ಗುಲಿಗೆ ಒಂದು ಅಡ್ಡ ಜೋಡಿಸಿದರು. ಮೇಲೆ ತೆನೆ ಇಟ್ಟರು. ಹಸಿ ಕಬ್ಬು, ಕೆಳಗೆ ಮಾವಿನ ಸಣ್ಣ ಬೆಂಕಿ. ಕಬ್ಬು ಸುಡಲಿಲ್ಲ, ಬೆವರಿತು. ಅದರ ರಸ ಕಾದು ತೆನೆಗೂ ಪನೀರಿಗೂ ಅಂಟಿ, ಒಲೆಯ ಮೇಲೆ ಬೆಲ್ಲ ಏರುವ ಹೊತ್ತಿನ ವಾಸನೆ ಅಂಗಳದ ತುಂಬ ಹರಡಿತು. ಯಜಮಾನರು, "ಇದೇನ್ರಿ ಹೊಸಾ ಪದ್ಧತಿ?" ಎಂದರು. "ಉದಗಾಂವಕ್ಕ ಬಂದು ಕಬ್ಬಣದ ಮ್ಯಾಲ ಯಾಕ ಸುಡೂಣ್ರಿ," ಎಂದರು ಕಾಕಾ. ಹೊತ್ತು ಮುಳುಗುವ ಮೊದಲು ಎಲ್ಲರದೂ ಊಟವಾಯಿತು. ಐದು ಮನೆಯವರೂ ಗ್ರಿಲ್ ತೆಗೆದುಕೊಂಡರು. ಅಲ್ಲಿಂದೀಚೆಗೆ ಶಿರೋಳ ಕಡೆಯಿಂದ ಯಾರು ಬಂದರೂ ಕಾಕಾರ ಕಬ್ಬಿನ ಜಾಳಿ ಬೇಕು ಎನ್ನುತ್ತಾರೆ.

ಮರುದಿನ ಶೇಠರು ಗೋಡೆಗೆ ಒರಗಿದ್ದ ಜಾಳಿ ನೋಡಿ, "ಇದನ್ನ ಯಾರ ಬಿಟ್ಟು ಹೋಗಿದ್ರಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಾಕಾ, "ನಂದ ತಪ್ಪ್ರಿ. ಫೋನಿನ್ಯಾಗ ಬಾಯಿ ಬಿಟ್ಟು ಸರಿ ಹೇಳಲಿಲ್ಲ," ಎಂದರು. ಶೇಠರು ಅವರ ಬೆನ್ನು ತಟ್ಟಿ, "ಇಂಥಾ ತಪ್ಪು ದಿನಾ ಮಾಡ್ರಿ" ಎಂದರು. ನನ್ನನ್ನು ಉಳಿಸಿದರು, ನಿಜ. ಆದರೆ ಕಬ್ಬಿನ ಜಾಳಿ ಹುಟ್ಟಿದ್ದು ನನ್ನ ತಪ್ಪಿನಿಂದ. ಕೊನೆಗೆ ಆ ತಪ್ಪು ಕೂಡ ನನ್ನದಾಗಿ ಉಳಿಯಲಿಲ್ಲ.

ಕೊರೊನಾದ ಎರಡನೆಯ ವರ್ಷ ಕಾಕಾ ಹಾಸಿಗೆ ಹಿಡಿದರು. ಒಂದೂವರೆ ತಿಂಗಳು ಬಿಟ್ಟು ಬಂದಾಗ ಟೋಪಿಯ ಕೆಳಗೆ ಮುಖ ಸಣ್ಣದಾಗಿತ್ತು. ಅಲ್ಲಿಂದ ಅವರದೊಂದು ಹೊಸ ರೂಢಿ ಶುರುವಾಯಿತು. ಮೊದಲೆಲ್ಲ ಚೀಲ ಬಂದರೆ ಒಬ್ಬರೇ ಮೂಸಿ ಮುಗಿಸುತ್ತಿದ್ದವರು, ಈಗ ವೆಲ್ಡಿಂಗ್ ಬಿಡಿಸಿ ನನ್ನನ್ನು ಕರೆಯುತ್ತಿದ್ದರು. "ತಮ್ಮಾ, ಬಾ ಇಲ್ಲಿ." ಗುಳಿಗಿ ಮುರಿದು ಮೊದಲು ನನ್ನ ಮೂಗಿಗೆ ಹಿಡಿಯುತ್ತಿದ್ದರು. ನಾನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕೈ ಹಿಂದೆ ತೆಗೆದುಕೊಂಡು, ತಾವೇ ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿ, "ಇದು ನಡೀತೈತಿ" ಅಥವಾ "ಇದು ಬ್ಯಾಡ" ಎಂದು ತೀರ್ಮಾನ ಕೊಡುತ್ತಿದ್ದರು. ಪ್ರತಿ ಸಲ ನಾನು ಹೇಳಬೇಕೆಂದದ್ದನ್ನೇ ಅವರು ಹೇಳುತ್ತಿದ್ದರು. ಮಗ್ಗಿ ಒಪ್ಪಿಸುವ ಹುಡುಗನಂತೆ ನನ್ನನ್ನು ನಿಲ್ಲಿಸಿಕೊಂಡು, ಉತ್ತರ ಮಾತ್ರ ತಾವು ಹೇಳುತ್ತಾರಲ್ಲ ಎಂದು ಮೈ ಉರಿಯುತ್ತಿತ್ತು. ಮೂರು ವರ್ಷ ಹೀಗೇ ನಡೆಯಿತು.

ಆಮೇಲೆ ಗಡಹಿಂಗ್ಲಜದ ಒಂದು ಮನೆಯ ಮದುವೆ ನಿಶ್ಚಯದ ಕೆಲಸ ಬಂತು. ಮುನ್ನೂರು ಜನರ ಮಧ್ಯಾಹ್ನದ ಊಟ, ಮೂರು ಗ್ರಿಲ್. ಮಾವಿನ ಚೀಲ ತೀರಿದ್ದವು, ಹೊಸಬನೊಬ್ಬ ತಂದುಕೊಟ್ಟ. ಕಾಕಾ ಕರೆದರು, ಹೋದೆ. ಗುಳಿಗಿ ಮುರಿದು ಮೂಗಿಗೆ ಹಿಡಿದರು. ಮಾವು ಇತ್ತು, ಅದರ ಹಿಂದೆಯೇ ಪ್ಲೈವುಡ್ ಅಂಟಿನ ವಾಸನೆ. ಸಣ್ಣದಾಗಿ, ಆದರೆ ಸ್ಪಷ್ಟವಾಗಿ. ನನ್ನ ಹೆಂಡತಿ ಹೇಳುವಂತೆ ನನ್ನ ಮುಖ ಏನನ್ನೂ ಮುಚ್ಚಿಡುವುದಿಲ್ಲ. ಆವತ್ತು ಮುಚ್ಚಿಟ್ಟಿತು. ಈ ಸಲ ನಾನು ಏನೂ ತೋರಿಸುವುದಿಲ್ಲ, ಇವರು ಅದೆಷ್ಟು ಹಿಡಿಯುತ್ತಾರೋ ನೋಡೋಣ ಎಂದು ಗೋಡೆ ನೋಡಿದ ಹಾಗೆ ನಿಂತೆ. ಕಾಕಾ ನನ್ನನ್ನು ಯಾವತ್ತಿಗಿಂತ ಹೆಚ್ಚು ಹೊತ್ತು ನೋಡಿದರು.

"ನೆಗಡಿ ಏನಾರ ಆಗೇತೇನ್ ತಮ್ಮಾ?"

"ಇಲ್ರಿ."

ಕಣ್ಣು ಮುಚ್ಚಿ ಮೂಸಿದರು. "ನಡೀತೈತಿ," ಎಂದರು.

ನನಗೆ ಆದದ್ದು ಸಂತೋಷ. ಸುಳ್ಳು ಯಾಕೆ ಹೇಳಲಿ, ಶುದ್ಧ ಸಂತೋಷ. ಕಾಕಾ ತಪ್ಪಿದರು. ಈಗ ಹೇಳಬೇಕು ಎನ್ನಿಸಿತು, ಹೇಳಲಿಲ್ಲ. ಚೀಲ ಟೆಂಪೊಕ್ಕೆ ಹಾಕುವಾಗ ಹೇಳಬಹುದಿತ್ತು. ಗಡಹಿಂಗ್ಲಜದವರೆಗಿನ ದಾರಿಯುದ್ದಕ್ಕೂ ಅವರು ನನ್ನ ಮಗ್ಗುಲಲ್ಲೇ ಕೂತು ವಖಾರಿಯ ಹಳೆಯ ಕಥೆಗಳನ್ನು ಹೇಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ.

ಮೊದಲ ಪಂಗ್ತಿಗೆ ಪನೀರ್ ಹೋಯಿತು. ಬಾಯಿಗಿಟ್ಟವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗನ ಸೋದರಮಾವ ಎಲೆಯ ಬದಿಗೆ ಉಗುಳಿ, "ಪನೀರ್ ತಿನ್ನಾಕತ್ತೇವೋ ಹೊಸಾ ಕಪಾಟ ತಿನ್ನಾಕತ್ತೇವೋ?" ಎಂದು ಜೋರಾಗಿ ಕೇಳಿದರು. ಪಂಗ್ತಿಯೆಲ್ಲ ನಕ್ಕಿತು, ಹೆಣ್ಣಿನ ತಂದೆಯ ಮುಖ ಬಾಡಿತು. ಕಾಕಾ ಗ್ರಿಲ್ಲಿನ ಹೊಗೆಯ ನಡುವೆಯೇ ನಿಂತಿದ್ದರು. ಅವರಿಗೆ ಏನಾಯಿತೆಂದೇ ತಿಳಿದಿರಲಿಲ್ಲ. ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಆಗ ಅವರು ಮೂರೂ ಗ್ರಿಲ್ ಆರಿಸಿ, ಟೋಪಿ ತೆಗೆದು, ಮುನ್ನೂರು ಜನರೆದುರು ಆ ತಂದೆಗೆ ಕೈ ಮುಗಿದರು. "ಗುಳಿಗಿ ಆರಿಸಿದಾಂವ ನಾನ್ರಿ. ತಪ್ಪು ನಂದು. ಈ ಹುಡುಗಗ ಏನೂ ಅನಬ್ಯಾಡ್ರಿ." ನಲವತ್ತು ದಾಟಿದ ನಾನು ಅವರಿಗೆ ಹುಡುಗ.

ಮುಂದಿನ ವಾರ, ವಯಸ್ಸಾಯಿತು ಎಂದು ಹೇಳಿ ಕೆಲಸ ಬಿಟ್ಟರು. ಶೇಠರು ಎಷ್ಟು ಹೇಳಿದರೂ ಕೇಳಲಿಲ್ಲ. ಹೋಗುವ ದಿನ ನನ್ನ ಹೆಗಲ ಮೇಲೆ ಕೈಯಿಟ್ಟು, "ಮೂಗಿನ ಡಾಕ್ಟರಿಗೆ ಒಮ್ಮಿ ತೋರಸ್ಕೋ," ಎಂದರು. ಚುಚ್ಚಿ ಆಡಿದರು ಎಂದುಕೊಂಡೆ. ಆರು ತಿಂಗಳಿಗೆ ಅವರು ತೀರಿಕೊಂಡರು.

ಮಣ್ಣು ಮಾಡಿದ ನಾಲ್ಕನೆಯ ದಿನ ಅವರ ಹೆಂಡತಿ ಕಾಕುವನ್ನು ಮಾತಾಡಿಸಲು ಕೊರೋಚಿಗೆ ಹೋದೆ. ಪಡಸಾಲೆಯಲ್ಲಿ ಅವರೊಬ್ಬರೇ ಇದ್ದರು. ನಾನು ಯಾರೆಂದು ಹೇಳಿದ ಕೂಡಲೇ ಹತ್ತಿರ ಕೂರಿಸಿಕೊಂಡರು.

"ನಿನ್ನ ಮೂಗ ಈಗ ಹೆಂಗೈತೋ ತಮ್ಮಾ?"

ನನಗೆ ಅರ್ಥವಾಗಲಿಲ್ಲ. ಕಾಕು ಹೇಳತೊಡಗಿದರು. "ಅವರಿಗೆ ಆ ಜಡ್ಡಾತಲ್ಲ, ಅವತ್ತಿಂದ ವಾಸನಿ ಅನ್ನೂದ ಬರಲಿಲ್ಲಪಾ. ಒಲಿ ಮ್ಯಾಲಿನ ಹಾಲು ಹೊತ್ತಿ ಕರಕ ಆದ್ರೂ ಮಗ್ಗಲದಾಗ ಕುಂತ ಇರ್ತಿದ್ರು. ಕೆಲಸ ಬಿಡ್ರಿ ಅಂದೆ. ತಮ್ಮನ ಮಾರಿ ಐತಿ, ಅದರ ಮ್ಯಾಲ ಎಲ್ಲಾ ಕಾಣಸ್ತೈತಿ, ನಾ ಅದನ್ನ ನೋಡಿ ಹೇಳ್ತೇನಿ ಅಂದ್ರು. ಅವನ ಮೂಗಿನಂಥಾ ಮೂಗು ನಂದೂ ಇದ್ದಿಲ್ಲ ಅಂತಿದ್ರು. ಗಡಹಿಂಗ್ಲಜದಿಂದ ಬಂದ ದಿನ ಉಣಲಿಲ್ಲ. ಪಾಪ, ತಮ್ಮನ ಮೂಗೂ ಹೋತು, ಶೇಠಗ ಗೊತ್ತಾದ್ರ ಅವನ ಕೆಲಸಕ್ಕ ಕುತ್ತು, ಯಾರ ಮುಂದೂ ಅನಬ್ಯಾಡ ಅಂದ್ರು."

ಕಾಕು ಚಹಾ ಕೊಟ್ಟರು. ಕುಡಿದೆನೋ ಬಿಟ್ಟೆನೋ ನೆನಪಿಲ್ಲ. ಅವರು ನಿಜವಾಗಿಯೂ ನನ್ನ ಮೂಗು ಹೋಯಿತೆಂದು ನಂಬಿದ್ದರೋ, ನನ್ನ ಕುಹಕ ತಿಳಿದೂ ಹೆಂಡತಿಯೆದುರು ನನ್ನನ್ನು ಮುಚ್ಚಿಟ್ಟರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮೂರು ವರ್ಷ ನಾನು ಯಾವ ಮೂಗಿನ ಮೇಲೆ ಹೊಟ್ಟೆಕಿಚ್ಚು ಪಟ್ಟೆನೋ ಅದು ನನ್ನದೇ ಮುಖದ ಮೇಲಿತ್ತು. ಅಳು ಬರಬೇಕಿತ್ತು. ಬಂತು ಕೂಡ. ಆದರೆ ಕೊರೋಚಿ ದಾಟುವಷ್ಟರಲ್ಲಿ ಇನ್ನೊಂದು ಯೋಚನೆ ಬಂದುಬಿಟ್ಟಿತ್ತು. ಹಾಗಾದರೆ ಆ ಹೆಸರು ನನಗೆ ಬರಬೇಕಾದದ್ದು.

ಹದಿನೈದು ದಿನದ ಮೇಲೆ ಶೇಠರು, ಗುಳಿಗಿ ಆರಿಸಲು ಕೊಲ್ಹಾಪುರದಿಂದ ಯಾರನ್ನೋ ಕರೆಸುವ ಮಾತಾಡಿದರು. "ಕಾಕಾನಂಥಾ ಮೂಗು 'ಕುಠೇ ಮಿಳಣಾರ್', ಮಿಸ್ತ್ರಿ?" ಎಂದರು. ಎಲ್ಲಿ ಸಿಕ್ಕೀತು ಎಂದು. ನನಗೆ ತಡೆಯಲಾಗಲಿಲ್ಲ. ಕಾಕಾ ಸಾಯುವವರೆಗೆ ಅದನ್ನು ಮುಚ್ಚಿಟ್ಟಿದ್ದರು, ಕಾಕು ನನ್ನನ್ನು ನಂಬಿ ಹೇಳಿದ್ದರು. ಎರಡನ್ನೂ ಬದಿಗಿಟ್ಟೆ.

"ಶೇಠ, ಜಡ್ಡಾದ ಮ್ಯಾಲ ಕಾಕಾರಿಗೆ ವಾಸನಿನ ಬರ್ತಿದ್ದಿಲ್ರಿ. ಕಾಕುನ ಹೇಳ್ಯಾರ. ನನ್ನ ಮಾರಿ ನೋಡಿ ಆರಸ್ತಿದ್ರು. ಮೂರ ವರ್ಷ ಗುಳಿಗಿ ಆರಿಸಿದ್ದು ನನ್ನ ಮೂಗ್ರಿ."

ಶೇಠರು ಬಹಳ ಹೊತ್ತು ಫೋಟೊ ನೋಡಿದರು. "ಮೂಗ ಇಲ್ಲದ?" ಎಂದರು. "ಮೂಗ ಇಲ್ಲದ ಮೂರ ವರ್ಷ ಇಷ್ಟ ಮಂದಿಗೆ ಉಣಿಸ್ಯಾರ. ಎಂಥಾ ಮನಷ್ಯಾನಪಾ." ನಾನು ಕೇಳಿದ್ದು ನನ್ನ ಪಾಲು. ಅದೂ ಅವರಿಗೇ ಹೋಯಿತು. ಆದರೆ ಶೇಠರ ಮಾತು ಅಲ್ಲಿಗೆ ಮುಗಿದಿರಲಿಲ್ಲ. ನಿಧಾನವಾಗಿ ನನ್ನ ಕಡೆ ತಿರುಗಿದರು.

"ಅವರು ತಪ್ಪಿದ್ದು ಒಂದ ಸಲ. ಆ ನಿಶ್ಚಯದಾಗ."

"ಹೌದ್ರಿ."

"ಆವತ್ತ ನಿನ್ನ ಮಾರಿ ಹೆಂಗಿತ್ತೋ ಮಿಸ್ತ್ರಿ?"

ನೆಗಡಿಯಾಗಿತ್ತು ಎನ್ನಬಹುದಿತ್ತು. ಕಾಕಾ ತಾವೇ ಆ ಮಾತನ್ನು ನನ್ನ ಕೈಗೆ ಕೊಟ್ಟಿದ್ದರು. ಆದರೆ ಅಷ್ಟು ಹೊತ್ತಿಗೆ ಶೇಠರು ನನ್ನ ಮುಖ ನೋಡಿಯಾಗಿತ್ತು. ಅವರು ಬೈಯಲಿಲ್ಲ. ಮೇಜಿನ ಮೇಲಿನ ಸಾಮಾನನ್ನು ಅತ್ತಿತ್ತ ಸರಿಸಿ, "ನಾಳಿಂದ ಗುಳಿಗಿ ನೀನ ಆರಸು," ಎಂದರು. "ನಾ ಮಗ್ಗಲದಾಗ ನಿಂತಿರ್ತೇನಿ."

ಬಯಸಿದ ಕೆಲಸ ಸಿಕ್ಕಿದೆ. ಚೀಲ ಬಂದ ದಿನ ನಾನು ಮುರಿಯುತ್ತೇನೆ, ಮೂಸುತ್ತೇನೆ, ಹೇಳುತ್ತೇನೆ. ಈವರೆಗೆ ಒಂದೂ ತಪ್ಪಿಲ್ಲ. ಶೇಠರು ಚೀಲದ ಕಡೆ ನೋಡುವುದೇ ಇಲ್ಲ, ನನ್ನ ಮುಖ ನೋಡುತ್ತ ನಿಂತಿರುತ್ತಾರೆ. ಕಾಕಾ ಕೂಡ ಅದನ್ನೇ ನೋಡುತ್ತಿದ್ದರು, ಆದರೆ ನಂಬಿ ನೋಡುತ್ತಿದ್ದರು. ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಹೊಟ್ಟೆಕಿಚ್ಚು ಬರುವುದು, ಆ ಮೂರು ವರ್ಷ ಅವರ ಮಗ್ಗುಲಲ್ಲಿ ನಿಂತಿದ್ದ ನನ್ನ ಮೇಲೆ.